ಟ್ರಾಕ್ಟರಿನ ಎಣ್ಣೆ ಕೊಳವೆಗಳ ಸೋರಿಕೆ: ಪತ್ತೆ ಮತ್ತು ದುರಸ್ತಿ

ಟ್ರಾಕ್ಟರ್ ನಿಲ್ಲಿಸಿದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಅಂಗೈಯಗಲದ ಎಣ್ಣೆಯ ಕಲೆ ಕಂಡರೂ ಅನೇಕ ರೈತರು ಅದನ್ನು ಲೆಕ್ಕಕ್ಕಿಡುವುದಿಲ್ಲ. ಹಳೆಯ ಗಾಡಿ, ಸ್ವಲ್ಪ ಸೋರುತ್ತದೆ ಎಂದು ಸುಮ್ಮನಾಗುತ್ತಾರೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ಗಂಟೆಗೆ ಸುಮಾರು 180 ಮಿಲಿಲೀಟರ್, ಎಂಟು ಗಂಟೆಯ ಉಳುಮೆಯಲ್ಲಿ ಸುಮಾರು ಒಂದೂವರೆ ಲೀಟರ್ ಎಣ್ಣೆ ನೆಲದ ಪಾಲಾಗುತ್ತದೆ. ಅನೇಕ ಟ್ರಾಕ್ಟರುಗಳಲ್ಲಿ ಗೇರ್ ಪೆಟ್ಟಿಗೆ, ಹೈಡ್ರಾಲಿಕ್ ಲಿಫ್ಟ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳು, ಈ ಮೂರಕ್ಕೂ ಒಂದೇ ಎಣ್ಣೆ. ಒಂದು ಕೊಳವೆ ಸೋರಿದರೆ ಮೂರಕ್ಕೂ ಕುತ್ತು.

ದೊಡ್ಡ ಟ್ರಾಕ್ಟರುಗಳಲ್ಲೂ ಕಟಾವು ಯಂತ್ರಗಳಲ್ಲೂ ಈ ಎಣ್ಣೆಯನ್ನು ತಂಪು ಮಾಡಲು ರೇಡಿಯೇಟರಿನ ಮುಂದೆ ಒಂದು ಕೂಲರ್ ಇರುವುದುಂಟು. ಹಿಂದಿನ ಗೇರ್ ಪೆಟ್ಟಿಗೆಯಿಂದ ಮುಂದಿನ ಕೂಲರಿನವರೆಗೆ ಹೋಗಿ ಬರುವ ಎರಡು ಕೊಳವೆಗಳು ಎಂಜಿನ್ನಿನ ಪಕ್ಕದಲ್ಲಿ ಹಾದಿರುತ್ತವೆ. ಕೆಸರು, ಕಲ್ಲು, ಕೂಳೆ, ಅಲುಗಾಟ ಎಲ್ಲವೂ ಇವುಗಳ ಮೇಲೆಯೇ. ಕೊಳವೆಯನ್ನು ಹಿಡಿದಿರುವ ಪಟ್ಟಿಯ ಬೋಲ್ಟು ಸಡಿಲವಾದರೆ ಕೊಳವೆ ಕಬ್ಬಿಣಕ್ಕೆ ಉಜ್ಜಿ ಸವೆಯುತ್ತದೆ. ಗದ್ದೆಯಲ್ಲಿ ಕೆಸರು ಮಾಡಿದ ಮೇಲೆ ಪಟ್ಟಿಯ ಕೆಳಗೆ ಕೂತ ಮಣ್ಣನ್ನು ತೊಳೆಯದೆ ಬಿಟ್ಟರೆ ಅಲ್ಲೇ ತುಕ್ಕು ಹಿಡಿದು ತೂತು ಬೀಳುತ್ತದೆ.

ಕೈಯಿಂದ ಮುಟ್ಟಿ ನೋಡಕೂಡದು

ದುರಸ್ತಿಯ ಮಾತಿಗೆ ಮೊದಲು ಇದನ್ನು ಹೇಳಲೇಬೇಕು. ಲಿಫ್ಟಿಗೂ ಟ್ರೈಲರ್ ಎತ್ತುವ ಸಿಲಿಂಡರಿಗೂ ಹೋಗುವ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಮೀರಬಹುದು. ಸೂಜಿಯ ಮೊನೆಯಷ್ಟು ತೂತಿನಿಂದ ಈ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದಿರಬಹುದು. ಆದರೆ ಚರ್ಮವನ್ನು ತೂರಿ ಬೆರಳಿನೊಳಕ್ಕೆ ಹೋಗಬಲ್ಲದು. ಗಾಯ ಮುಳ್ಳು ಚುಚ್ಚಿದಂತೆ ಸಣ್ಣದಾಗಿ ಕಾಣುತ್ತದೆ, ಮೊದಲು ಹೆಚ್ಚು ನೋವೂ ಇರದು. ಕೆಲವು ಗಂಟೆಗಳಲ್ಲಿ ಕೈ ಊದಿಕೊಂಡು ಒಳಗಿನ ಮಾಂಸ ಕೊಳೆಯಲು ತೊಡಗುತ್ತದೆ. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸುವ ಗಾಯ ಇದಲ್ಲ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಸೋರಿಕೆ ಹುಡುಕುವಾಗ ಉದ್ದನೆಯ ಕಡ್ಡಿಗೆ ರಟ್ಟಿನ ತುಂಡು ಸಿಕ್ಕಿಸಿ ಕೊಳವೆಯ ಪಕ್ಕದಲ್ಲಿ ಹಿಡಿಯಬೇಕು. ಚಿಮ್ಮುವ ಎಣ್ಣೆ ರಟ್ಟಿನ ಮೇಲೆ ಕಲೆಯಾಗಿ ಬೀಳುತ್ತದೆ. ಯಾವ ನಟ್ಟನ್ನಾದರೂ ಬಿಚ್ಚುವ ಮೊದಲು ಲಿಫ್ಟಿನ ತೋಳುಗಳನ್ನೂ ಟ್ರೈಲರನ್ನೂ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಹೈಡ್ರಾಲಿಕ್ ಸನ್ನೆಗಳನ್ನು ಎರಡು ಮೂರು ಸಲ ಅತ್ತಿತ್ತ ಆಡಿಸಿ ಒತ್ತಡ ಇಳಿಸತಕ್ಕದ್ದು. ಎಣ್ಣೆ ಆರುವವರೆಗೆ ಕಾಯುವುದೂ ಅಗತ್ಯ.

ಎಲ್ಲಿ ಸೋರುತ್ತಿದೆ?

ಕೆಳಗೆ ಬಿದ್ದ ಎಣ್ಣೆಯ ಬಣ್ಣ ನೋಡಿ. ಕಪ್ಪಾಗಿದ್ದರೆ ಎಂಜಿನ್ನಿನದು. ಹೊಂಬಣ್ಣ ಅಥವಾ ಕೆಂಪು ಛಾಯೆಯಿದ್ದರೆ ಸಾಮಾನ್ಯವಾಗಿ ಗೇರ್ ಪೆಟ್ಟಿಗೆಯ ಅಥವಾ ಸ್ಟಿಯರಿಂಗಿನ ಎಣ್ಣೆ. ಹನಿ ಬಿದ್ದ ಜಾಗದ ನೇರ ಮೇಲೆಯೇ ತೂತಿದೆ ಎಂದು ತಿಳಿಯಬಾರದು. ಫ್ಯಾನಿನ ಗಾಳಿಗೆ ಎಣ್ಣೆ ಕೊಳವೆಗುಂಟ ಹಿಂದಕ್ಕೆ ಹರಿದು ತಗ್ಗಿನ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಎಂಜಿನ್ ನಿಲ್ಲಿಸಿ, ಕೊಳವೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಆಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಒದ್ದೆಯಾದ ಪುಡಿ ಜಾಗವನ್ನು ತೋರಿಸುತ್ತದೆ. ಒದ್ದೆಯಾದ ಕಡೆಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಸಾಮಾನ್ಯವಾಗಿ ಸೋರಿಕೆಯ ಮೂಲ.

ಒಂದು ಸೋರಿಕೆ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ. ಪಂಪು ಎಣ್ಣೆಯನ್ನು ಹೀರಿಕೊಳ್ಳುವ ಕೊಳವೆಯಲ್ಲಿ ಬಿರುಕಿದ್ದರೆ, ಎಂಜಿನ್ ಓಡುವಾಗ ಎಣ್ಣೆ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಎಣ್ಣೆ ನೊರೆಯಾಗುತ್ತದೆ, ಲಿಫ್ಟು ಜಗ್ಗಿ ಜಗ್ಗಿ ಏಳುತ್ತದೆ, ಪಂಪು ಗೊರಗುಟ್ಟುತ್ತದೆ. ಇದನ್ನು ಪಂಪಿನ ದೋಷವೆಂದು ತಿಳಿದು ಪಂಪನ್ನೇ ಬದಲಿಸಿದವರುಂಟು. ಮೊದಲು ಆ ಕೊಳವೆಯ ಕ್ಲಿಪ್ಪು ಮತ್ತು ರಬ್ಬರ್ ಉಂಗುರಗಳನ್ನು ನೋಡುವುದು ಜಾಣತನ.

ಯಾವ ಕೊಳವೆಗೆ ಯಾವ ದುರಸ್ತಿ

ಸೋರುವ ಕೊಳವೆ ಒತ್ತಡದ್ದೋ, ತಂಪುಗೊಳಿಸುವುದೋ ಎಂಬುದರ ಮೇಲೆ ದುರಸ್ತಿ ನಿಂತಿದೆ. ಒತ್ತಡದ ಕೊಳವೆಯಾದರೆ ಕ್ಲಿಪ್ಪು, ಬೆಸುಗೆ, ಎಂ-ಸೀಲ್, ಸೈಕಲ್ ಟ್ಯೂಬಿನ ಸುತ್ತು ಇವು ಯಾವುವೂ ನಡೆಯವು. ತಂತಿ ಹೆಣೆದ ಹೋಸನ್ನು ಯಂತ್ರದಲ್ಲಿ ತುದಿ ಒತ್ತಿಸಿಕೊಂಡು ತಂದು ಹಾಕಬೇಕು. ಅರ್ಧ ಅಂಗುಲದ ಹೋಸಿನಲ್ಲಿ ಒಂದು ಪದರ ತಂತಿಯದು ಸುಮಾರು 160, ಎರಡು ಪದರದ್ದು ಸುಮಾರು 275 ಕಿಲೋ ಒತ್ತಡಕ್ಕೆ ತಯಾರಾದದ್ದು. ಎರಡು ಪದರದ್ದನ್ನೇ ಕೇಳಿ ಪಡೆಯಿರಿ. ಕೂಡಿಸುವಾಗ ಅದನ್ನು ತಿರುಚಬಾರದು, ಬಿಗಿಯಾಗಿ ಬಗ್ಗಿಸಲೂ ಬಾರದು.

ಕೂಲರಿನ ಕೊಳವೆಗಳ ಮಾತು ಬೇರೆ. ಇವುಗಳಲ್ಲಿ ಒತ್ತಡ ಸಾಮಾನ್ಯವಾಗಿ 10 ಕಿಲೋ ಒಳಗೆ. ಇಲ್ಲಿ ರೈತರೇ ಕೈಯಾರೆ ಒಳ್ಳೆಯ ದುರಸ್ತಿ ಮಾಡಬಹುದು. ತೂತು ಬಿದ್ದ ಭಾಗವನ್ನು ಕೊಳವೆ ಕತ್ತರಿಸುವ ಸಾಧನದಿಂದ ಕತ್ತರಿಸಿ ತೆಗೆಯಿರಿ. ಗರಗಸ ಬಳಸಿದರೆ ಕಬ್ಬಿಣದ ಪುಡಿ ಒಳಗೆ ಬಿದ್ದು ಪಂಪು, ವಾಲ್ವುಗಳನ್ನು ಗೀರುತ್ತದೆ. ಬಳಸಲೇಬೇಕಾದರೆ ಕೊಳವೆಯನ್ನು ಬಿಚ್ಚಿ ತಂದು ಕತ್ತರಿಸಿ, ಸೀಮೆಎಣ್ಣೆಯಿಂದ ತೊಳೆದು ಗಾಳಿ ಊದಿಸಬೇಕು. ಕತ್ತರಿಸಿದ ಎರಡು ತುದಿಗಳ ನಡುವೆ ಹೋಸಿನ ತುಂಡನ್ನು ಕೂಡಿಸಬಹುದು. ಆದರೆ ನುಣುಪಾದ ಕೊಳವೆಯ ಮೇಲೆ ಹೋಸು ಎಷ್ಟು ಬಿಗಿದರೂ ಜಾರುತ್ತದೆ. ಆದ್ದರಿಂದ ತುದಿಯ ಸುತ್ತ ಸ್ವಲ್ಪ ಉಬ್ಬು ಬರುವಂತೆ ಮೆಕ್ಯಾನಿಕ್ಕಿನ ಹತ್ತಿರ ಅರಳಿಸಿಕೊಂಡು, ಹೋಸನ್ನು ಉಬ್ಬು ದಾಟಿಸಿ ಮೂರು ಸೆಂಟಿಮೀಟರ್ ಒಳಕ್ಕೆ ತೂರಿಸಿ, ಉಬ್ಬಿನ ಹಿಂದೆ ಎರಡೆರಡು ಕ್ಲಿಪ್ಪು ಬಿಗಿಯಬೇಕು. ಹೋಸು ನೈಟ್ರೈಲ್ ರಬ್ಬರಿನದಾಗಿ, ನೂಲಿನ ಹೆಣಿಗೆಯಿದ್ದು, ಬಿಸಿ ಎಣ್ಣೆಗೂ ಕನಿಷ್ಠ 20 ಕಿಲೋ ಒತ್ತಡಕ್ಕೂ ತಕ್ಕುದಾಗಿರಬೇಕು. ನೀರಿನ ಹೋಸು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಒಂದು ದಿನ ಚೆನ್ನಾಗಿಯೇ ಕಾಣುವುದರಿಂದ ಜನ ಮೋಸ ಹೋಗುತ್ತಾರೆ.

ತುಕ್ಕು ಒಂದು ಕಡೆ ತಿಂದಿದ್ದರೆ ಉಳಿದ ಪಟ್ಟಿಗಳ ಕೆಳಗೂ ತಿಂದಿರುತ್ತದೆ. ಆಗ ತೇಪೆ ಹಾಕುತ್ತ ಹೋಗುವುದಕ್ಕಿಂತ ಇಡೀ ಕೊಳವೆ ಬದಲಿಸುವುದೇ ಅಗ್ಗ. ಉಕ್ಕಿನ ಕೊಳವೆಯನ್ನೇ ಹಾಕಿಸಿ. ತಾಮ್ರ ಬಗ್ಗಿಸಲು ಸುಲಭವಾದರೂ ಟ್ರಾಕ್ಟರಿನ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ತುದಿಯನ್ನು ತುತ್ತೂರಿಯಂತೆ ಅರಳಿಸುವ ಮೊದಲು ನಟ್ಟನ್ನು ಕೊಳವೆಗೆ ತೊಡಿಸಲು ಮರೆಯಬೇಡಿ. ನುರಿತ ಮೆಕ್ಯಾನಿಕ್ಕುಗಳೂ ಇದನ್ನು ಮರೆತು ಎರಡನೇ ಸಲ ಕತ್ತರಿಸುವುದುಂಟು.

ಅರಳಿಸಿದ ತುದಿಯ ಕೂಡಿಕೆಯಲ್ಲಿ ಎಣ್ಣೆಯನ್ನು ತಡೆಯುವುದು ತುದಿಯೇ ಹೊರತು ನಟ್ಟಿನ ಮರೆಗಳಲ್ಲ. ಅಲ್ಲಿ ಟೆಫ್ಲಾನ್ ಪಟ್ಟಿ ಸುತ್ತಿದರೆ ಪ್ರಯೋಜನವಿಲ್ಲ. ಅದರ ಚೂರು ಒಳಗೆ ಹೋಗಿ ವಾಲ್ವಿಗೆ ಸಿಕ್ಕಿಕೊಳ್ಳಬಹುದು. ಇಂಥ ನಟ್ಟು ಬಿಚ್ಚುವಾಗ, ಬಿಗಿಯುವಾಗ ಎರಡು ಪಾನಗಳನ್ನು ಬಳಸಬೇಕು. ಒಂದೇ ಪಾನದಿಂದ ತಿರುಗಿಸಿದರೆ ಕೊಳವೆಯೂ ಜೊತೆಗೆ ತಿರುಚಿಕೊಳ್ಳುತ್ತದೆ, ಕೂಲರಿನ ಅಲ್ಯೂಮಿನಿಯಂ ಮೂತಿಯೇ ಕಿತ್ತುಬರಬಹುದು. ತಾಮ್ರದ ವಾಷರುಗಳಿರುವ ಕಡೆ ಹೊಸದನ್ನೇ ಹಾಕಿ. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ.

ಕೂಲರೇ ಒಡೆದಾಗ ಎರಡು ಕೊಳವೆಗಳನ್ನು ಹೋಸಿನಿಂದ ಒಂದಕ್ಕೊಂದು ಜೋಡಿಸಿ ಕೆಲಸ ಮುಂದುವರಿಸುವ ರೂಢಿ ಕೆಲವೆಡೆ ಇದೆ. ಮನೆ ಮುಟ್ಟಲು ಇದು ಸರಿ. ಕೆಸರು ಮಾಡುವುದು, ಆಳದ ಉಳುಮೆ ಇಂಥ ಭಾರದ ಕೆಲಸಕ್ಕೆ ಸರ್ವಥಾ ಸಲ್ಲದು. ಎಣ್ಣೆ ಮಿತಿಮೀರಿ ಕಾದು ತೆಳ್ಳಗಾದರೆ ಗೇರು, ಬೇರಿಂಗು ಎರಡೂ ಸವೆಯುತ್ತವೆ, ರಬ್ಬರ್ ಉಂಗುರಗಳು ಗಟ್ಟಿಯಾಗಿ ಹೊಸ ಸೋರಿಕೆಗಳು ಹುಟ್ಟುತ್ತವೆ.

ಎಣ್ಣೆ ತುಂಬುವಾಗ

ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ತುಂಬಬೇಕು. ಮುಳುಗು ಬ್ರೇಕಿನ ಟ್ರಾಕ್ಟರಿಗೆ ಅದಕ್ಕೆಂದೇ ತಯಾರಾದ ಎಣ್ಣೆ ಬೇಕು. ಸಾಧಾರಣ ಗೇರ್ ಎಣ್ಣೆ ಹಾಕಿದರೆ ಬ್ರೇಕು ಕಿರುಗುಟ್ಟಿ ನಡುಗುತ್ತದೆ. ತುಂಬಿದ ಮೇಲೆ ಎಂಜಿನ್ನನ್ನು ನಿಧಾನ ವೇಗದಲ್ಲಿ ಎರಡು ಮೂರು ನಿಮಿಷ ಓಡಿಸಿ, ಲಿಫ್ಟನ್ನು ಏರಿಸಿ ಇಳಿಸಿ. ಸ್ಟಿಯರಿಂಗಿಗೂ ಇದೇ ಎಣ್ಣೆಯಿದ್ದರೆ ಅದನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಕೊಳವೆಯಲ್ಲಿನ ಗಾಳಿ ಹೊರಟುಹೋಗಿ ಎಣ್ಣೆಯ ಮಟ್ಟ ಇಳಿಯುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಅಳತೆಕಡ್ಡಿ ನೋಡಿ ಕೊರತೆಯನ್ನು ತುಂಬಿರಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಆಗ ಮೇಲೆ ಮೇಲೆ ತುಂಬುವುದರಿಂದ ಫಲವಿಲ್ಲ, ಪೂರ್ತಿ ಬಸಿದು ಫಿಲ್ಟರನ್ನೂ ಬದಲಿಸಬೇಕಾಗುತ್ತದೆ.

ಹೊಸ ಹೋಸು ಒಮ್ಮೆ ಕಾದು ಆರಿದ ಮೇಲೆ ಕ್ಲಿಪ್ಪಿನ ಕೆಳಗೆ ಸ್ವಲ್ಪ ತಗ್ಗುತ್ತದೆ. ಮೊದಲ ದಿನದ ಕೆಲಸ ಮುಗಿದ ಸಂಜೆ ಮತ್ತೊಮ್ಮೆ ಬಿಗಿದು, ಟ್ರಾಕ್ಟರಿನ ಕೆಳಗೆ ಹಳೆಯ ಪತ್ರಿಕೆ ಹಾಸಿಟ್ಟು ಮರುದಿನ ಬೆಳಿಗ್ಗೆ ನೋಡಿರಿ.