ನಿಂತ ಜೀಪನ್ನು ಜಗ್ಗಬೇಡಿ, ಹಂತ ಹಂತವಾಗಿ ಎಬ್ಬಿಸಿ

ಹುಬ್ಬಳ್ಳಿ–ಧಾರವಾಡದ ಸುತ್ತಲಿನ ಊರುಗಳಲ್ಲಿ ಹೊಲದ ಶೆಡ್ಡಿನಲ್ಲೋ ಹಿತ್ತಲಿನ ತಗಡಿನಡಿಯೋ ಹಳೆಯ ಮಹೀಂದ್ರಾ ಜೀಪು ಇನ್ನೂ ನಿಂತಿರುತ್ತದೆ. ಎಂಎಂ 540, ಕಮಾಂಡರ್, ಇಲ್ಲವೇ ಅವಕ್ಕಿಂತ ಹಳೆಯ ಮಾದರಿ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳಿಗೆ ಅದನ್ನು ಓಡಿಸುವ ಹುಕಿ ಬಂದರೆ ಮೊದಲು ಸಿಗುವ ಸಲಹೆ ಒಂದೇ: ‘ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜಗ್ಗ್ರಿ, ತಾನಾ ಚಾಲೂ ಆಕ್ಕತಿ.’

ಆಗಲೂಬಹುದು. ಆದರೆ ಒಣಗಿದ ಸಿಲಿಂಡರಿನಲ್ಲಿ ತುಕ್ಕಿಗೆ ಅಂಟಿದ ರಿಂಗುಗಳು ಮುರಿಯಬಹುದು. ಟ್ಯಾಂಕಿನ ತಳದ ಕೊಳೆ ಪಂಪಿಗೆ ಏರಬಹುದು. ಸಿಲಿಂಡರಿನೊಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಜೀಪಿಗೆ ಬ್ರೇಕ್ ಇರುವುದಿಲ್ಲ! ವರ್ಷಗಟ್ಟಲೆ ನಿಂತ ಗಾಡಿಗೆ ನಿಲ್ಲುವುದನ್ನು ಮೊದಲು ಕಲಿಸಬೇಕು, ಓಡುವುದನ್ನು ಆಮೇಲೆ. ಇಲ್ಲಿ ಡೀಸೆಲ್ ಜೀಪಿನ ಕ್ರಮವಿದೆ. ಎಂಜಿನ್, ಇಂಧನ ಮತ್ತು ಚಾಲೂ ಮಾಡುವ ಹಂತ ಬಿಟ್ಟು ಉಳಿದದ್ದು ಪೆಟ್ರೋಲ್ ಗಾಡಿಗೂ ಅನ್ವಯಿಸುತ್ತದೆ.

1. ಖರ್ಚಿಗೆ ಮುನ್ನ ಕಾಗದ ನೋಡಿ

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿರುವ ನಂಬರಿನ ಜೊತೆ ಹೋಲಿಸಿ. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮಾಮೂಲಾಗಿತ್ತು. ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರದಿದ್ದರೆ ಮುಂದೆ ತಪಾಸಣೆಯಲ್ಲಿ ತೊಡಕಾಗುತ್ತದೆ. ನಂಬರೇ ತಾಳೆಯಾಗದಿದ್ದರೆ ಸ್ಪ್ಯಾನರ್ ಕೆಳಗಿಟ್ಟು ಮೊದಲು ಆರ್‌ಟಿಒ ಕಚೇರಿಗೆ ಹೋಗಿ.

2. ಗಾಡಿಯ ಸುತ್ತ ಒಂದು ಸುತ್ತು

ಬಾನೆಟ್ಟನ್ನು ಕೋಲಿನಿಂದ ಬಡಿದು ಸದ್ದು ಮಾಡಿ ತೆರೆಯಿರಿ. ಶೆಡ್ಡಿನ ಜೀಪಿನಲ್ಲಿ ಹಾವು ಇರುವುದು ಅಪರೂಪವಲ್ಲ. ಇಲಿ ಕಡಿದ ವೈರು, ಏರ್ ಫಿಲ್ಟರಿನೊಳಗಿನ ಗೂಡು, ಸೈಲೆನ್ಸರ್ ಬಾಯಿಗೆ ಕಣಜ ಮೆತ್ತಿದ ಮಣ್ಣು, ಇವನ್ನೆಲ್ಲ ಹುಡುಕಿ ತೆಗೆಯಿರಿ.

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲದಲ್ಲಿ ದುಡಿದ ಗಾಡಿಯಾದರೆ ಅಡಿಭಾಗವನ್ನು ವಿಶೇಷವಾಗಿ ನೋಡಬೇಕು. ಚಾಸಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂತ ಎರೆ ಮಣ್ಣು ಪ್ರತಿ ಮಳೆಗಾಲದಲ್ಲಿ ತೇವ ಹಿಡಿದು ಕಬ್ಬಿಣವನ್ನು ಒಳಗಿನಿಂದಲೇ ತಿನ್ನುತ್ತದೆ. ಮಣ್ಣು ಕೆರೆದು ತೆಗೆದು, ಹಿಂದಿನ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಠಣ್ ಎಂದರೆ ಸರಿ. ಮೊದ್ದು ಸದ್ದು ಬಂದರೆ ಅಥವಾ ತುಕ್ಕಿನ ಹಾಳೆ ಉದುರಿದರೆ ವೆಲ್ಡಿಂಗ್ ಕೆಲಸ ಮೊದಲು ಆಗಬೇಕು.

3. ಬ್ರೇಕ್ ಮತ್ತು ಟೈರ್

ನಾಲ್ಕೂ ಡ್ರಮ್ ಬಿಚ್ಚಿಸಿ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರುಗಳ ರಬ್ಬರ್ ಕಪ್ಪುಗಳು ಒಣಗಿ ಬಿರಿದಿರುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಸಿಲಿಂಡರಿನ ಒಳಗೋಡೆಯೂ ತುಕ್ಕು ಹಿಡಿದಿರಬಹುದು. ಕಿಟ್, ಹೋಸ್ ಪೈಪ್ ಬದಲಿಸಿ, ಹೊಸ ಆಯಿಲ್ ತುಂಬಿ, ಗಾಳಿ ತೆಗೆಸಿ.

ಟೈರಿನ ಪಕ್ಕದ ಗೋಡೆಯಲ್ಲಿರುವ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 1214 ಎಂದಿದ್ದರೆ 2014ರ 12ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಎಷ್ಟೇ ಆಳವಿರಲಿ, ಗೋಡೆಯಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನು ರಸ್ತೆಗೆ ತರಬೇಡಿ.

4. ಎಂಜಿನ್ ಕೈಯಿಂದ ತಿರುಗಲಿ

ಆಯಿಲ್ ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ. ಅದರ ಕಾರಣ ಪತ್ತೆಯಾಗುವವರೆಗೆ ಮುಂದುವರಿಯಬೇಡಿ. ಸರಿಯಿದ್ದರೂ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ. ರೇಡಿಯೇಟರ್ ತೊಳೆದು ಹೊಸ ಕೂಲಂಟ್ ತುಂಬಿ.

ಎಂಎಂ 540ರ 2,112 ಸಿಸಿ ಪ್ಯೂಜೊ ಎಂಜಿನ್ನಿಗೆ ಹೀಟರ್ ಪ್ಲಗ್ಗುಗಳಿವೆ. ಅವನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ತಡೆದರೆ ಬಲ ಹಾಕದೆ ಮತ್ತೆ ಆಯಿಲ್ ಬಿಟ್ಟು ಕಾಯಿರಿ.

5. ಟ್ಯಾಂಕಿನಿಂದ ನಾಜಲ್‌ವರೆಗೆ

ಹಳೆಯ ಡೀಸೆಲ್ಲನ್ನು ಪೂರ್ತಿ ಇಳಿಸಿ. ತಳದಲ್ಲಿ ನೀರು, ಕಪ್ಪು ಲೋಳೆ ಕೂತಿದ್ದರೆ ಟ್ಯಾಂಕನ್ನೇ ಬಿಚ್ಚಿ ತೊಳೆಸಬೇಕು. ಡೀಸೆಲ್ ಫಿಲ್ಟರ್ ಹೊಸದು ಹಾಕಿ.

ಇನ್ನು ಏರ್ ತೆಗೆಯುವ ಕೆಲಸ. ಫಿಲ್ಟರಿನ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಸ್ವಲ್ಪ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕಡೆಗೆ ಗುಳ್ಳೆಯಿಲ್ಲದ ಡೀಸೆಲ್ ಧಾರೆ ಬರುತ್ತದೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಪಂಪಿನ ಸ್ಕ್ರೂವಿನಲ್ಲೂ ಇದನ್ನೇ ಮಾಡಿ. ನಾಜಲ್ ಪೈಪಿನ ಬಳಿ ಕೈ ಒಡ್ಡಬೇಡಿ. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗಿಳಿಯುವಷ್ಟು ಒತ್ತಡದಲ್ಲಿರುತ್ತದೆ. ಪಂಪು, ನಾಜಲ್ ಅಂಟಿಕೊಂಡಿದ್ದರೆ ಮನೆಯಲ್ಲಿ ಬಿಚ್ಚದೆ ಕ್ಯಾಲಿಬ್ರೇಶನ್ ಯಂತ್ರವಿರುವ ಡೀಸೆಲ್ ಪಂಪ್ ಅಂಗಡಿಗೆ ಒಯ್ಯಿರಿ.

6. ನಿಲ್ಲಿಸುವ ದಾರಿ ಮೊದಲು, ಕೀಲಿ ಆಮೇಲೆ

ಡೀಸೆಲ್ ಪಂಪಿನಲ್ಲಿ ಇಂಧನದ ಅಳತೆ ಹೊಂದಿಸುವ ರ‍್ಯಾಕ್ ಅಂಟಿಕೊಂಡಿದ್ದರೆ ಎಂಜಿನ್ ಚಾಲೂ ಆದೊಡನೆ ಅಂಕೆ ಮೀರಿ ಏರಬಹುದು, ಕೀಲಿ ತಿರುಗಿಸಿದರೂ ನಿಲ್ಲದಿರಬಹುದು. ಹಾಗಾಗಿ ಸ್ಟಾಪ್ ಕೇಬಲ್ ಎಳೆದಾಗ ಪಂಪಿನ ಲಿವರ್ ಸಲೀಸಾಗಿ ಆಡುತ್ತದೆಯೇ ನೋಡಿ. ಏರ್ ಇನ್‌ಟೇಕ್ ಬಾಯಿ ಮುಚ್ಚುವಷ್ಟು ಅಗಲದ ಹಲಗೆಯೊಂದನ್ನು ಕೈಗೆಟುಕುವಲ್ಲಿ ಇಟ್ಟಿರಿ. ಗಾಳಿ ಕಟ್ಟಾದರೆ ಎಂಜಿನ್ ನಿಲ್ಲುತ್ತದೆ. ಬಾಯಿಯನ್ನು ಅಂಗೈಯಿಂದ ಎಂದೂ ಮುಚ್ಚಬೇಡಿ.

ಹಳೆಯ ಬ್ಯಾಟರಿಗೆ ಚಾರ್ಜ್ ಕೊಟ್ಟು ಆಸೆ ಪಡುವ ಬದಲು ಹೊಸದು ಹಾಕಿ. ಬಾಡಿಗೆ ಕೂರುವ ಅರ್ತ್ ವೈರಿನ ತುದಿಯನ್ನು ಉಜ್ಜಿ ಶುಚಿ ಮಾಡಿ. ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ದಬ್ಬಿ, ಚಕ್ರಗಳಿಗೆ ಕಲ್ಲು ಕೊಡಿ. ಹೀಟರ್ ಪ್ಲಗ್ ಹಾಕುವ ಮುನ್ನ, ಸ್ಟಾಪ್ ಎಳೆದಿಟ್ಟೇ ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಶರ್ ಮುಳ್ಳು ಏರಿದ ಮೇಲೆ ಪ್ಲಗ್ ಕೂರಿಸಿ, ಕಾಯಿಸಿ, ಚಾಲೂ ಮಾಡಿ.

ಮೊದಲಿಗೆ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ನಾಜಲ್ ನೋಡಿಸಿ. ಪ್ರೆಶರ್ ಬೀಳುತ್ತಿದ್ದರೆ ಮರುಮಾತಿಲ್ಲದೆ ನಿಲ್ಲಿಸಿ.

7. ಮೊದಲ ಓಟ ಬೈಪಾಸಿನಲ್ಲಲ್ಲ

ಕ್ಲಚ್ ಒತ್ತಿದರೂ ಗೇರ್ ಬೀಳದಿದ್ದರೆ ಪ್ಲೇಟು ಫ್ಲೈವೀಲಿಗೆ ಅಂಟಿರಬಹುದು, ಮಿಸ್ತ್ರಿಯನ್ನು ಕರೆಯಿರಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್‌ಗಳ ಆಯಿಲ್ ಬದಲಿಸಿ, ಗ್ರೀಸ್ ಹೊಡೆಸಿದ ಮೇಲೆ ಹೊಲದ ದಾರಿಯಲ್ಲಿ ನಿಧಾನವಾಗಿ ಓಡಿಸಿ. ಫೋರ್ ವೀಲ್ ಡ್ರೈವನ್ನು ಸಡಿಲ ಮಣ್ಣಿನಲ್ಲೇ ಹಾಕಿ ನೋಡಬೇಕು. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಡಾಂಬರಿನ ಮೇಲೆ ತಿರುವು ತೆಗೆದುಕೊಂಡರೆ ಇಡೀ ಭಾರ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ವಾಪಸ್ ಬಂದು ನಾಲ್ಕೂ ಹಬ್ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ.

8. ರಸ್ತೆಗೆ ಬರುವ ಅರ್ಹತೆ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಇದಕ್ಕೆ ಫಾರಂ 25. ಕೆಎ 25 ಗಾಡಿಯಾದರೆ ಧಾರವಾಡ, ಕೆಎ 63 ಆದರೆ ಹುಬ್ಬಳ್ಳಿ ಆರ್‌ಟಿಒ. ಹಳೆಯ ವಾಹನಗಳ ಶುಲ್ಕ ಈಚಿನ ವರ್ಷಗಳಲ್ಲಿ ಏರಿದೆ, ಪರಿವಾಹನ್ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ವಿಮೆ, ಹೊಗೆ ತಪಾಸಣೆ ಪತ್ರವೂ ಬೇಕು.

50 ವರ್ಷ ದಾಟಿದ ಜೀಪಿಗೆ 2021ರ ನಿಯಮದಂತೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಆದರೆ ಎಂಜಿನ್, ಚಾಸಿ, ಬಾಡಿ ಮೂಲರೂಪದಲ್ಲೇ ಇರಬೇಕು. ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭ ಬಿಟ್ಟು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಸಂತೆಗೂ ಹೊಲಕ್ಕೂ ಓಡಿಸಬೇಕಾದವರಿಗೆ ಮಾಮೂಲಿ ನವೀಕರಣವೇ ದಾರಿ.

ಗಾಡಿ ಮತ್ತೆ ನಿಲ್ಲದಂತೆ ನೋಡಿಕೊಳ್ಳಿ. ತಿಂಗಳಿಗೊಮ್ಮೆ ನಿಂತಲ್ಲೇ ಐದು ನಿಮಿಷ ಚಾಲೂ ಇಟ್ಟರೆ ಎಂಜಿನ್ ಪೂರ್ತಿ ಕಾಯುವುದಿಲ್ಲ, ಒಳಗೆ ತೇವ ಉಳಿಯುತ್ತದೆ. ಅದರ ಬದಲು ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಮಳೆಗಾಲಕ್ಕೆ ನಿಲ್ಲಿಸಲೇಬೇಕೆಂದರೆ ಅಡಿಭಾಗದ ಎರೆ ಮಣ್ಣು ತೊಳೆದು ಒಣಗಿಸಿ, ಡೀಸೆಲ್ ಟ್ಯಾಂಕ್ ತುಂಬಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಿ.