ಬೆಟ್ಟ ದಾಟಿದ ಅಲೆಗಳು

ಕತ್ತಲೆಯ ರಾತ್ರಿಯಲ್ಲಿ ಅಂಗಳದಲ್ಲಿ ಹಚ್ಚಿಟ್ಟ ಲಾಂದ್ರದ ಬೆಳಕಿನಲ್ಲಿ ಪುಸ್ತಕವನ್ನು ಓದಬಹುದು. ಅದೇ ಲಾಂದ್ರವನ್ನು ಹೊಲದಾಚೆಯ ಬದುವಿನ ಮೇಲೆ ಇಟ್ಟರೆ ಅದು ಬರಿಯ ಚುಕ್ಕೆಯಂತೆ ಕಾಣುತ್ತದೆ. ಲಾಂದ್ರದ ಬೆಳಕೇನೂ ಕುಂದಿಲ್ಲ. ಅದು ಎಲ್ಲ ದಿಕ್ಕುಗಳಿಗೂ ಹರಡಿಹೋದುದರಿಂದ ನಮ್ಮ ಪಾಲಿಗೆ ಬರುವ ಭಾಗವು ಕಿರಿದಾಗಿದೆ. ದೂರವು ಎರಡರಷ್ಟಾದರೆ ನಮ್ಮನ್ನು ಮುಟ್ಟುವ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹತ್ತರಷ್ಟಾದರೆ ನೂರರಲ್ಲಿ ಒಂದು ಪಾಲಾಗುತ್ತದೆ. ಇದಕ್ಕೆ ವಿಲೋಮ ವರ್ಗ ನಿಯಮವೆಂದು ಹೆಸರು. ಇಂದು ಮನೆಮನೆಗಳಲ್ಲಿ ಬಳಕೆಯಲ್ಲಿರುವ ವೈಫೈ ಎಂಬ ನಿಸ್ತಂತು ಸಂಪರ್ಕವೂ ಈ ನಿಯಮಕ್ಕೆ ಒಳಪಟ್ಟಿದೆ.

ಬೆಳಕಿನಂತೆ ವೈಫೈ ಅಲೆಗಳೂ ವಿದ್ಯುತ್ಕಾಂತ ತರಂಗಗಳೇ. ಬಹುವಾಗಿ ಬಳಕೆಯಲ್ಲಿರುವ 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಒಂದು ಅಲೆಯ ಉದ್ದವು ಸುಮಾರು 12 ಸೆಂಟಿಮೀಟರ್. ಇಂತಹ ಅಲೆಯು ಗೋಡೆಯನ್ನು ದಾಟಬಲ್ಲದು. ಆದರೆ ದಾಟುವಾಗ ತನ್ನ ಶಕ್ತಿಯ ಒಂದಂಶವನ್ನು ಕಳೆದುಕೊಳ್ಳುತ್ತದೆ. ಲೋಹದ ತಗಡು ಅದನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಅದನ್ನು ಹೀರುತ್ತದೆ. ಆದುದರಿಂದ ಮಳೆಯಲ್ಲಿ ತೊಯ್ದ ಮರದ ಎಲೆಗಳೂ ತಡೆಯಾಗುತ್ತವೆ. 5 ಗಿಗಾಹರ್ಟ್ಸಿನ ಅಲೆಗಳು ಹೆಚ್ಚು ವೇಗವಾಗಿ ಮಾಹಿತಿಯನ್ನು ಒಯ್ಯಬಲ್ಲವಾದರೂ ಗೋಡೆಗಳ ಮುಂದೆ ಬೇಗನೆ ಸೋಲುತ್ತವೆ.

ಹಾಗಾದರೆ ದೂರದಿಂದ ಕ್ಷೀಣವಾಗಿ ಬರುವ ಅಲೆಯನ್ನು ಹೇಗೆ ಹಿಡಿಯಬೇಕು? ಅಲೆಯನ್ನು ಕಳುಹಿಸುವ ಕೇಂದ್ರದ ಶಕ್ತಿಯನ್ನು ಹೆಚ್ಚಿಸಿದರೆ ಸಾಕೆಂದು ಮೊದಲ ನೋಟಕ್ಕೆ ತೋರಬಹುದು. ಈ ಶಕ್ತಿಗೆ ಕಾನೂನು ಮಿತಿಯನ್ನು ವಿಧಿಸಿದೆ. ಅದಕ್ಕಿಂತ ಮುಖ್ಯವಾದ ಕಾರಣವೊಂದುಂಟು. ವೈಫೈ ಎಂಬುದು ರೇಡಿಯೋ ಪ್ರಸಾರದಂತೆ ಒಬ್ಬರು ಹೇಳಿ ಉಳಿದವರು ಕೇಳುವ ವ್ಯವಸ್ಥೆಯಲ್ಲ, ಅದು ಸಂಭಾಷಣೆ. ಕಳುಹಿಸಿದ ಪ್ರತಿಯೊಂದು ಮಾತಿಗೂ ‘ತಲಪಿತು’ ಎಂಬ ಮರುನುಡಿ ಬರಬೇಕು. ಬೆಟ್ಟದ ಮೇಲಿರುವವನು ಎಷ್ಟೇ ಗಟ್ಟಿಯಾಗಿ ಕೂಗಿದರೂ ಕಣಿವೆಯಲ್ಲಿರುವವನ ಮೆಲುದನಿ ಅವನಿಗೆ ಕೇಳಿಸದಿದ್ದರೆ ಮಾತುಕತೆ ನಡೆಯದು.

ಆದುದರಿಂದ ಮೊದಲು ನೋಡಬೇಕಾದುದು ಸ್ಥಳವನ್ನು. ಮೂಲೆಯ ಬೀರುವಿನ ಹಿಂದಿರುವ ಉಪಕರಣವನ್ನು ಮನೆಯ ನಡುವೆ, ಎತ್ತರದಲ್ಲಿ ಇರಿಸಿದರೆ ಖರ್ಚಿಲ್ಲದೆ ಗುಣ ಕಾಣುತ್ತದೆ. ದೂರದ ಸಂಪರ್ಕಕ್ಕೆ ಒಂದು ತುದಿಯಿಂದ ಇನ್ನೊಂದು ತುದಿ ನೇರವಾಗಿ ಕಾಣುವಂತಿರಬೇಕು, ಅಷ್ಟೇ ಸಾಲದು. ಅಲೆಗಳು ದಾರದಂತೆ ಸಾಗದೆ, ಮೃದಂಗದಂತೆ ನಡುವೆ ಉಬ್ಬಿದ ಅವಕಾಶವನ್ನು ಬಳಸಿಕೊಂಡು ಸಾಗುತ್ತವೆ. 10 ಕಿಲೋಮೀಟರ್ ದೂರದ ಸಂಪರ್ಕದಲ್ಲಿ ಈ ಅವಕಾಶದ ತ್ರಿಜ್ಯವು ನಡುಭಾಗದಲ್ಲಿ ಸುಮಾರು 18 ಮೀಟರ್ ಇರುತ್ತದೆ. ಅದರೊಳಗೆ ಮರದ ತಲೆಯೋ ದಿಬ್ಬವೋ ಚಾಚಿಕೊಂಡಿದ್ದರೆ ಅಲೆಯು ದುರ್ಬಲವಾಗುತ್ತದೆ. ಎತ್ತರದ ಕಂಬಗಳ ಅಗತ್ಯವು ಇದರಿಂದ ತಿಳಿಯುತ್ತದೆ.

ಎರಡನೆಯ ಉಪಾಯವೆಂದರೆ, ಹರಡಿಹೋಗುವ ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸುವುದು. ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1888ರಲ್ಲಿಯೇ ಸತುವಿನ ತಗಡನ್ನು ಬಾಗಿಸಿ, ರೇಡಿಯೋ ಅಲೆಗಳನ್ನು ಕನ್ನಡಿಯು ಬೆಳಕನ್ನು ಕೂಡಿಸುವಂತೆ ಕೂಡಿಸಿ ತೋರಿಸಿದನು. 1926ರಲ್ಲಿ ಜಪಾನಿನ ಸೆಂಡಾಯ್ ನಗರದ ಶಿಂತಾರೋ ಉದಾ ಮತ್ತು ಹಿದೆತ್ಸುಗು ಯಾಗಿ ಎಂಬ ವಿಜ್ಞಾನಿಗಳು ಸಾಲಾಗಿ ಜೋಡಿಸಿದ ಲೋಹದ ಕಡ್ಡಿಗಳಿಂದಲೂ ಈ ಕೆಲಸವು ಸಾಧ್ಯವೆಂದು ಪ್ರಕಟಿಸಿದರು. ಒಂದು ಕಾಲಕ್ಕೆ ನಮ್ಮ ಮನೆಗಳ ಮಾಳಿಗೆಯ ಮೇಲೆ ದೂರದರ್ಶನಕ್ಕಾಗಿ ನಿಂತಿದ್ದ ಆಂಟೆನಾಗಳು ಇವರ ಕೊಡುಗೆಯೇ. 60 ಸೆಂಟಿಮೀಟರ್ ಅಗಲದ ಲೋಹದ ಬಟ್ಟಲಿನಾಕಾರದ ಆಂಟೆನಾ ವೈಫೈ ಅಲೆಯನ್ನು ತಾನು ಮುಖಮಾಡಿದ ದಿಕ್ಕಿನಲ್ಲಿ ಸುಮಾರು ನೂರು ಪಟ್ಟು ಬಲಪಡಿಸುತ್ತದೆ. ಇದು ಹೊಸ ಶಕ್ತಿಯನ್ನೇನೂ ಸೃಷ್ಟಿಸುವುದಿಲ್ಲ. ಇತರ ದಿಕ್ಕುಗಳಿಗೆ ವ್ಯರ್ಥವಾಗಿ ಹೋಗುವುದನ್ನು ಉಳಿಸುತ್ತದೆ. ಕಳುಹಿಸುವಾಗ ಎಷ್ಟು ಲಾಭವೋ ಕೇಳುವಾಗಲೂ ಅಷ್ಟೇ ಲಾಭ. ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಆಂಟೆನಾವನ್ನು ಉತ್ತಮಪಡಿಸುವುದೇ ಮೇಲೆನ್ನುವುದು ಇದಕ್ಕಾಗಿಯೇ. ಆದರೆ ಆಂಟೆನಾಕ್ಕೂ ಉಪಕರಣಕ್ಕೂ ನಡುವಣ ತಂತಿ ಚಿಕ್ಕದಾಗಿರಬೇಕು. ತೆಳುವಾದ ತಂತಿಯಲ್ಲಿ ಮೂರು ಮೀಟರ್ ಸಾಗುವಷ್ಟರಲ್ಲಿ ಅರ್ಧದಷ್ಟು ಶಕ್ತಿ ಸೋರಿಹೋಗಬಹುದು.

ಈ ತತ್ತ್ವಗಳು ಒಂದು ಹಳ್ಳಿಯ ಬಾಳನ್ನೇ ಬದಲಿಸಿದ ಬಗೆಯನ್ನು ನೇಪಾಳದಲ್ಲಿ ಕಾಣಬಹುದು. ಮ್ಯಾಗ್ದಿ ಜಿಲ್ಲೆಯ ಬೆಟ್ಟಗಳ ನಡುವೆ ನಾಂಗಿ ಎಂಬ ಹಳ್ಳಿಯಿದೆ. ಆ ಊರಿನವರೇ ಆದ ಮಹಾಬೀರ್ ಪುನ್ ಅವರು ಅಮೆರಿಕದ ನೆಬ್ರಾಸ್ಕದಲ್ಲಿ ಓದಿ, 1992ರಲ್ಲಿ ಪದವಿ ಪಡೆದು, ಹುಟ್ಟೂರಿಗೆ ಮರಳಿ ಅಲ್ಲಿನ ಶಾಲೆಯನ್ನು ಬೆಳೆಸಲು ತೊಡಗಿದರು. ಹಳೆಯ ಬಿಡಿಭಾಗಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಮಕ್ಕಳಿಗೆ ಗಣಕಯಂತ್ರಗಳನ್ನು ಒದಗಿಸಿದರು; ಅವಕ್ಕೆ ಬೇಕಾದ ವಿದ್ಯುತ್ತನ್ನು ಹತ್ತಿರದ ಹಳ್ಳದ ನೀರಿನಿಂದ ಪಡೆದರು. ಆದರೆ ಊರಿಗೆ ದೂರವಾಣಿಯ ತಂತಿಯಿರಲಿಲ್ಲ. ಹೊರಜಗತ್ತಿನ ಜ್ಞಾನವು ಮಕ್ಕಳನ್ನು ತಲಪುವ ದಾರಿ ಮುಚ್ಚಿತ್ತು.

2001ರಲ್ಲಿ ಈ ತೊಡಕಿನ ಸುದ್ದಿಯನ್ನು ಬಿಬಿಸಿ ಲೋಕಕ್ಕೆ ತಿಳಿಸಿತು. ಯೂರೋಪು ಮತ್ತು ಅಮೆರಿಕಗಳಿಂದ ಸ್ವಯಂಸೇವಕರು ನೆರವಿಗೆ ಬಂದರು. ದುಬಾರಿಯಾದ ಗೋಪುರಗಳನ್ನು ಕಟ್ಟುವಷ್ಟು ಹಣ ಅವರಲ್ಲಿರಲಿಲ್ಲ. ದೂರದರ್ಶನದ ಬಟ್ಟಲು ಆಂಟೆನಾಗಳನ್ನು ಮರಗಳ ಮೇಲೆ ಬಿಗಿದು, ನಾಂಗಿಯನ್ನು ನೆರೆಯ ರಾಮ್ಚೆ ಎಂಬ ಹಳ್ಳಿಯೊಡನೆ ಜೋಡಿಸಿದರು. ಬಳಿಕ ಪೋಖರಾ ನಗರವನ್ನು ತಲಪುವುದಕ್ಕಾಗಿ ಬೆಟ್ಟದ ನೆತ್ತಿಯ ಮೇಲೆ ಮರುಪ್ರಸಾರದ ಕೇಂದ್ರವನ್ನು ನಿಲ್ಲಿಸಿದರು. ಅಡ್ಡ ನಿಂತ ಬೆಟ್ಟವೇ ಅಲೆಗೆ ಮೆಟ್ಟಿಲಾಯಿತು! 2003ರ ಹೊತ್ತಿಗೆ ನಾಂಗಿಗೆ ಅಂತರಜಾಲ ಬಂದಿತು. ಮುಂದೆ ಸುತ್ತಲಿನ ಹಳ್ಳಿಗಳಿಗೂ ಸಂಪರ್ಕವು ಹಬ್ಬಿ, ಹಳ್ಳಿಯ ರೋಗಿಗಳು ಪೋಖರಾದ ವೈದ್ಯರ ಸಲಹೆಯನ್ನು ಪಡೆಯುವಂತಾಯಿತು. 2007ರಲ್ಲಿ ಪುನ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಅದೇ ವರ್ಷ ವೆನೆಜುವೆಲಾ ದೇಶದಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಮತ್ತು ಅವರ ಸಂಗಡಿಗರು ಎರಡು ಪರ್ವತಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈಫೈ ಸಂಪರ್ಕವನ್ನು ಸಾಧಿಸಿದರು. ಅಷ್ಟು ದೂರವನ್ನು ಕ್ರಮಿಸಲು ಅಲೆಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಮನೆಯ ಬಳಕೆಗೆ ರೂಪಿಸಿದ ಉಪಕರಣವು ಮರುನುಡಿಗಾಗಿ ಅಷ್ಟು ಹೊತ್ತು ಕಾಯದೆ, ಮಾತು ತಲಪಲಿಲ್ಲವೆಂದು ಭಾವಿಸಿಬಿಡುತ್ತದೆ. ಆದುದರಿಂದ ಅಲ್ಲಿ ಉಪಕರಣಕ್ಕೆ ಹೆಚ್ಚು ಕಾಯುವುದನ್ನೂ ಕಲಿಸಬೇಕಾಯಿತು.

ಎತ್ತರ, ಗುರಿ, ಮಿತವ್ಯಯ, ತಾಳ್ಮೆ: ಕ್ಷೀಣವಾದ ಅಲೆಯನ್ನು ದೂರ ಮುಟ್ಟಿಸಿದ ಉಪಾಯಗಳು ಇವೇ. ಇವುಗಳಲ್ಲಿ ಒಂದಾದರೂ ಹೆಚ್ಚು ಗಟ್ಟಿಯಾಗಿ ಕೂಗುವ ಉಪಾಯವಲ್ಲ. ಪ್ರಕೃತಿಯ ನಿಯಮವನ್ನು ಮೀರಲು ಯಾರಿಂದಲೂ ಆಗದು. ಅದನ್ನು ಚೆನ್ನಾಗಿ ಅರಿತವರು ಮರದ ಕೊಂಬೆಯನ್ನೂ ಗೋಪುರವಾಗಿಸಬಲ್ಲರು.