ಹಿಂದೆ ಕುಳಿತ ಅಂಬಾಸಿಡರ್, ಒಂದು ಬದಿ ಸವೆದ ಟೈರು

ಅಪ್ಪಯ್ಯನ ಅಂಬಾಸಿಡರ್ ಕೊನೆಗೂ ನಿನ್ನ ಅಂಗಳ ಸೇರಿತಂತೆ, ಸಂತೋಷ. ಹಿಂಬದಿ ಕುಳಿತ ಹಾಗೆ ಕಾಣುತ್ತದೆ, ಟೈರುಗಳು ಒಂದೊಂದೂ ಒಂದೊಂದು ಥರ ಸವೆದಿವೆ, ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ ನಾಲ್ಕೂ ಹೊಸ ಟೈರ್ ಹಾಕಿಸಿ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸುತ್ತಾನಂತೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಆ ಕೆಲಸ ಮಾತ್ರ ಈಗಲೇ ಮಾಡಬೇಡ ಮಾರಾಯ. ಕಾರಿಗೆ ಏನಾಗಿದೆ ಅನ್ನುವುದು ಬರೆದಿರುವುದೇ ಆ ಹಳೇ ಟೈರುಗಳ ಮೇಲೆ. ಅವನ್ನು ಅಂಗಡಿಯಲ್ಲಿ ಬಿಟ್ಟು ಬಂದರೆ ಆಮೇಲೆ ಕೇಳುವುದಕ್ಕೆ ಸಾಕ್ಷಿ ಇಲ್ಲ. ಹೊಸ ಟೈರೂ ಅದೇ ಕಾಯಿಲೆಗೆ ಸಿಕ್ಕಿ ಹಾಗೇ ಸವೆಯುತ್ತದೆ.

ಒಂದು ಸೀಮೆಸುಣ್ಣ ತಗೊಂಡು ಪ್ರತಿ ಟೈರಿನ ಪಕ್ಕಕ್ಕೆ ಅದಿರುವ ಜಾಗ ಬರೆ, ಮುಂದೆ ಎಡ, ಹಿಂದೆ ಬಲ, ಹೀಗೆ. ಆಮೇಲೆ ಕೂತು ನೋಡು. ನಿಂತು ನೋಡಿದರೆ ಕಾಣುವುದು ಹೊರ ಅಂಚು ಮಾತ್ರ, ಒಳ ಅಂಚಿನಲ್ಲಿ ತಂತಿ ಹೊರಬಂದಿದ್ದರೂ ಗೊತ್ತಾಗುವುದಿಲ್ಲ. ಎರಡೂ ಅಂಚು ಸವೆದು ನಡು ಚೆನ್ನಾಗಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ, ಅಥವಾ ಹೊರಬಾರದ ಭಾರ ಹೊರಿಸಿದ್ದಾರೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಂಗೈಯನ್ನು ಅಡ್ಡಡ್ಡ ಸವರಿ ನೋಡು (ತಂತಿ ಎದ್ದಿದೆಯಾ ಅಂತ ಮೊದಲು ಕಣ್ಣಿನಲ್ಲಿ ನೋಡಿಕೋ): ಒಂದು ಕಡೆಗೆ ನುಣ್ಣಗೆ ಜಾರಿ, ವಾಪಸ್ ಬರುವಾಗ ಗರಗಸದ ಹಾಗೆ ತಡೆದರೆ ಅದು ಟೋ (ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದ ಗುರುತು, ಚಕ್ರ ಉರುಳುವುದರ ಜೊತೆಗೆ ಅಡ್ಡ ಉಜ್ಜುತ್ತಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ, ಇಲ್ಲವೇ ಬೇರಿಂಗ್ ಸಡಿಲ, ಇಲ್ಲವೇ ಬ್ಯಾಲೆನ್ಸ್ ಇಲ್ಲ.

ಹಾಗೇ ಟೈರಿನ ಪಕ್ಕದಲ್ಲಿ ಅಕ್ಷರಗಳ ಉದ್ದ ಸಾಲಿನ ಕೊನೆಗಿರುವ ನಾಲ್ಕು ಅಂಕೆಯನ್ನೂ ನೋಡಿಕೋ. 2314 ಅಂತಿದ್ದರೆ 2014ರ ಇಪ್ಪತ್ಮೂರನೇ ವಾರದಲ್ಲಿ ಮಾಡಿದ ಟೈರು. ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದ್ದು ಆ ವರ್ಷದ ಮೇ ತಿಂಗಳಲ್ಲಿ, ಅಷ್ಟು ಹಳೆಯದು ಅಂತಾಯಿತು. ಅಂಥ ಟೈರಿನ ಗುಂಡಿ ಎಷ್ಟೇ ಆಳ ಇರಲಿ, ರಬ್ಬರು ಮುದಿಯಾಗಿದೆ, ಪಾಠ ಓದಿಕೊಂಡು ಕಳಚಿಬಿಡು. ಕಾನೂನಿನ ಲೆಕ್ಕದಲ್ಲಿ ಕಾರಿನ ಟೈರಿಗೆ 1.6 ಮಿ.ಮೀ. ಆಳವಾದರೂ ಇರಬೇಕು. ನಮ್ಮ ಮಳೆಯಲ್ಲಿ ಗೇರುಸೊಪ್ಪೆ ಘಾಟಿ ಇಳಿಯುವವನು ಅಲ್ಲಿಯವರೆಗೆ ಕಾಯಬಾರದು ಅನ್ನುವುದು ನನ್ನ ಮತ.

ಈಗ ಎತ್ತರದ ವಿಷಯ. ಕಣ್ಣಂದಾಜು ಬೇಡ, ಟೇಪು ಹಿಡಿ. ಡಿಕ್ಕಿ ಖಾಲಿ ಮಾಡು, ನಾಲ್ಕೂ ಚಕ್ರಕ್ಕೆ ಸರಿಯಾಗಿ ಗಾಳಿ ಹಾಕಿಸು, ಹಿಂದೆ ಮುಂದೆ ಒಂದೆರಡು ಸಲ ಒತ್ತಿ ಕುಲುಕಿಸಿ ಬಿಡು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟಿದೆ ಅಂತ ಅಳೆ. ನೆಲದಿಂದ ಅಳೆದರೆ ಟೈರಿನ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಮನೆ ಮುಂದಿನ ಸಿಮೆಂಟು ನೆಲವನ್ನೂ ನಂಬಬೇಡ, ನೀರು ಹರಿಯಲಿ ಅಂತ ಅದನ್ನು ವಾಟ ಕೊಟ್ಟೇ ಮಾಡಿರುತ್ತಾರೆ. ಒಮ್ಮೆ ಅಳೆದು, ಕಾರನ್ನು ಹಿಂದು ಮುಂದು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆ. ವ್ಯತ್ಯಾಸ ಕಾರಿನ ಜೊತೆಗೇ ತಿರುಗಿದರೆ ಅದು ಕಾರಿನದು, ಅಲ್ಲೇ ಉಳಿದರೆ ನೆಲದ್ದು.

ಬಹಳ ಸಲ ಬಲಗಡೆ ತಗ್ಗಾಗಿ ಸಿಗುತ್ತದೆ. ವರ್ಷಗಟ್ಟಲೆ ಡ್ರೈವರ್ ಒಬ್ಬನೇ ಕೂತು ಓಡಾಡಿದ ಕಾರಲ್ಲವೇ. ಆದರೆ ಹಿಂದೆ ಬಲಕ್ಕೆ ತಗ್ಗಿದೆ ಅಂದಾಕ್ಷಣ ಹಿಂದಿನ ಬಲದ ಪ್ಲೇಟೇ, ಅಂದರೆ ಭಾರ ಹೊರುವ ಕಮಾನು ಪಟ್ಟಿಯೇ, ಕಳ್ಳ ಅನ್ನಬೇಡ. ಅಂಬಾಸಿಡರಿಗೆ ಮುಂದೆ ಟಾರ್ಶನ್ ಬಾರ್, ಉದ್ದಕ್ಕೆ ಮಲಗಿದ ಉಕ್ಕಿನ ಸರಳು, ತಿರುಚಿಕೊಂಡೇ ಭಾರ ಹೊರುತ್ತದೆ. ಮುಂದೆ ಒಂದು ಕಡೆಯ ಬಾರ್ ದಣಿದರೆ ಬಾಡಿ ಪೂರ್ತಿ ವಾಲಿ ಹಿಂದೆಯೂ ತಗ್ಗಿದಂತೆ ತೋರುತ್ತದೆ. ಇದಕ್ಕೊಂದು ಉಪಾಯ ಇದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಕ್ರಾಸ್ ಮೆಂಬರಿನ (ಅಡ್ಡ ತೊಲೆಯ) ಸರಿಯಾದ ನಡುವಿಗೆ ಜಾಕ್ ಇಟ್ಟು ಎರಡೂ ಚಕ್ರ ನೆಲ ಬಿಡುವಷ್ಟು ಎತ್ತು. ಈಗ ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಿದೆ, ಅದರ ವಾಲುವಿಕೆ ಹಿಂದಕ್ಕೆ ದಾಟುವುದಿಲ್ಲ. ಹಿಂದೆ ಸಮ ಆಯಿತು ಅಂದರೆ ತಪ್ಪು ಮುಂದಿನ ಬಾರಿನದು, ಅದನ್ನು ಬಿಚ್ಚಿ ಸರಿಯಾಗಿ ಕೂರಿಸಿದರೆ ಎತ್ತರ ಹೊಂದುತ್ತದೆ. ಆಗಲೂ ಒಂದು ಕಡೆ ತಗ್ಗೇ ಇದ್ದರೆ ಹಿಂದಿನ ಪ್ಲೇಟನ್ನೇ ನೋಡಬೇಕು. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡ, ಸ್ಟ್ಯಾಂಡ್ ಇಲ್ಲದೆ ಯಾವತ್ತೂ ಬೇಡ.

ಪ್ಲೇಟು ಕುಳಿತರೆ ಟೈರಿಗೇನು ಅಂತ ಕೇಳುತ್ತೀಯ. ಇಲ್ಲೇ ಇರುವುದು ಸ್ವಾರಸ್ಯ. ಹಿಂದಿನ ಆಕ್ಸಲ್ ಇಡಿಯಾಗಿ ಒಂದೇ ತುಂಡು, ಪ್ಲೇಟ್ ಎಷ್ಟು ಕುಳಿತರೂ ಹಿಂದಿನ ಚಕ್ರಗಳು ನೆಟ್ಟಗೇ ನಿಂತಿರುತ್ತವೆ. ಹಾಗಾಗಿ ಹಿಂದಿನ ಟೈರಿನ ಒಂದೇ ಅಂಚು ಸವೆದಿದ್ದರೆ ಕುಳಿತದ್ದರಿಂದ ಅನ್ನಬೇಡ. ಆಕ್ಸಲಿನ ಹೌಸಿಂಗ್ ಬಗ್ಗಿದೆಯಾ, ಬೇರಿಂಗ್ ಹೋಗಿದೆಯಾ, ಟೈರು ಬಾಡಿಗೆ ಉಜ್ಜುತ್ತಿದೆಯಾ ನೋಡು. ಪ್ಲೇಟು ಮಾಡುವ ಹಾನಿ ಬೇರೆ. ಅದರ ಮುಂದಿನ ಕಣ್ಣು (ತುದಿಯ ಬಳೆ) ಬಾಡಿಗೆ ಗಟ್ಟಿಯಾಗಿ ಕಟ್ಟಿದ್ದು, ಹಿಂದಿನ ಕಣ್ಣು ಶಾಕಲ್ ಅನ್ನುವ ಕೊಂಡಿಯ ಮೇಲೆ ತೂಗುವಂಥದ್ದು. ಬಿಲ್ಲಿನ ಹಾಗೆ ಬಾಗಿದ ಪ್ಲೇಟ್ ಚಪ್ಪಟೆಯಾದಂತೆ ಅದರ ಉದ್ದ ಹಿಂದಕ್ಕೆ ಚಾಚುತ್ತದೆ, ಜೊತೆಗೆ ಆಕ್ಸಲ್ ಕೂಡ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತದೆ. ಎರಡೂ ಕಡೆ ಸಮನಾಗಿ ಸರಿದರೆ ಚಿಂತೆಯಿಲ್ಲ. ಬಲಗಡೆ ಮಾತ್ರ ಚಪ್ಪಟೆಯಾದರೆ ಆಕ್ಸಲ್ ಓರೆಯಾಗಿ ನಿಲ್ಲುತ್ತದೆ, ಹಿಂದಿನ ಚಕ್ರಗಳು ಕಾರನ್ನು ಒಂದು ಬದಿಗೆ ತಳ್ಳುತ್ತವೆ, ನೀನು ಸ್ಟೇರಿಂಗನ್ನು ಸದಾ ಒಂಚೂರು ತಿರುಗಿಸಿ ಹಿಡಿದು ನೇರ ಓಡಿಸುತ್ತೀಯ. ಪ್ಲೇಟುಗಳನ್ನು ನಡುವಿನಲ್ಲಿ ಹಿಡಿದ ಸೆಂಟರ್ ಬೋಲ್ಟ್ ತುಂಡಾಗಿದ್ದರಂತೂ ಆಕ್ಸಲ್ ಇನ್ನೂ ಹೆಚ್ಚು ಜಾರಿರುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಅಂಗಳಕ್ಕೆ ಒಂದು ಬಿಂದಿಗೆ ನೀರು ಚೆಲ್ಲಿ, ಒದ್ದೆ ಚಕ್ರದಲ್ಲಿ ಒಣ ನೆಲದ ಮೇಲೆ ನೇರ ಹೋಗಿ ಇಳಿದು ನೋಡು. ಮುಂದಿನ ಹಿಂದಿನ ಚಕ್ರದ ಗುರುತು ಎಡಕ್ಕೂ ಬಲಕ್ಕೂ ಒಂದೇ ಥರ ಹೊಂದಬೇಕು, ಒಂದು ಕಡೆ ಹಿಂದಿನದು ಹೊರಗೆ, ಇನ್ನೊಂದು ಕಡೆ ಒಳಗೆ ಬಿದ್ದಿದ್ದರೆ ಕಾರು ಓರೆ ನಡೆಯುತ್ತಿದೆ. ಆಮೇಲೆ ಮುಂದಿನ ಚಕ್ರ ನೇರ ಇಟ್ಟು, ಒಂದೊಂದು ಬದಿಯಲ್ಲೂ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಅಳೆ. ಅಂಬಾಸಿಡರಿಗೆ ಅದು 2464 ಮಿ.ಮೀ. ಆಸುಪಾಸು ಬರಬೇಕು. ಅಂಕಿಗಿಂತ ಮುಖ್ಯ ಎರಡು ಬದಿಯ ಅಳತೆ ಹೊಂದುವುದು.

ನಿನ್ನ ಅಪ್ಪನ ಸ್ನೇಹಿತರ ಹಳೇ ಬೆಂಜ್ 123ರ ಹಿಂದಿನ ಟೈರು ಒಳ ಅಂಚಿನಲ್ಲೇ ಸವೆಯುತ್ತದಲ್ಲ, ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡ. ಅದರ ಹಿಂದಿನ ಚಕ್ರಗಳು ಒಂದಕ್ಕೊಂದು ಸ್ವತಂತ್ರ. ಸ್ಪ್ರಿಂಗ್ ಕುಳಿತರೆ ಚಕ್ರದ ತಲೆ ಒಳಕ್ಕೆ ವಾಲಿ ಒಳ ಅಂಚೇ ನೆಲ ಉಜ್ಜುತ್ತದೆ. ಆ ಕಾರಿಗೆ ಹೇಳುವ ಮದ್ದು ಬೇರೆ.

ಕಾರಣ ಹುಡುಕುವಾಗ ಪ್ಲೇಟಿಗಿಂತ ಮೊದಲು ಪ್ಲೇಟ್ ಹಿಡಿದ ತಗಡನ್ನು ನೋಡು. ಅಂಬಾಸಿಡರಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ, ಶಾಕಲ್ ಕೂತಿರುವುದು ಬಾಡಿಗೇ. ನಮ್ಮ ಕಡೆಯ ಮಳೆಗೆ ಕೆಸರು ಅಲ್ಲಿ ಸೇರಿ ತುಕ್ಕು ತಿನ್ನುತ್ತದೆ. ಸ್ಕ್ರೂಡ್ರೈವರಿನಿಂದ ಚುಚ್ಚು. ಒಳಗೆ ಹೋಯಿತೆಂದರೆ ಪ್ಲೇಟಿನ ಮಾತು ಬಿಟ್ಟು ವೆಲ್ಡಿಂಗಿನವನನ್ನು ಕರೆ. ಡಿಕ್ಕಿ ಹೊತ್ತ ಭಾರವನ್ನೂ ನೆನಪಿಡು. ಅಪ್ಪಯ್ಯ ಮಂಡಿಗೆ ಅಡಿಕೆ ಮೂಟೆ ಸಾಗಿಸಿದ ಕಾರು ಅದು, ಪ್ಲೇಟು ದಣಿದದ್ದರಲ್ಲಿ ಆಶ್ಚರ್ಯವಿಲ್ಲ.

ಗ್ಯಾರೇಜಿನಲ್ಲಿ ಮೂರು ಸಲಹೆ ಬರುತ್ತವೆ. ಒಂದು, ಶಾಕ್ ಅಬ್ಸಾರ್ಬರ್ ಹೊಸದು ಹಾಕಿದರೆ ಎತ್ತರ ಬರುತ್ತದೆ ಅನ್ನುವುದು. ಬರುವುದಿಲ್ಲ. ಅದರ ಕೆಲಸ ಕುಲುಕಾಟ ನಿಲ್ಲಿಸುವುದು, ಭಾರ ಹೊರುವುದಲ್ಲ. ಎರಡು, ಎಕ್ಸ್‌ಟ್ರಾ ಪ್ಲೇಟ್ ಸೇರಿಸುವುದು. ಎತ್ತರ ಏನೋ ಬರುತ್ತದೆ, ಆದರೆ ಖಾಲಿ ಕಾರು ಕಪ್ಪೆ ಹಾರಿದಂತೆ ಹಾರುತ್ತದೆ, ಆ ಪೆಟ್ಟೆಲ್ಲ ನಾನು ಹೇಳಿದ ತುಕ್ಕು ಹಿಡಿದ ತಗಡಿಗೇ ಬೀಳುತ್ತದೆ. ದಿನವೂ ಭಾರ ಹೇರುವವರಿಗೆ ಸರಿ, ನಿನಗೆ ಬೇಡ. ಮೂರು, ಇದ್ದ ಪ್ಲೇಟನ್ನೇ ಬಾಗಿಸಿ ಕೊಡುವುದು. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಬಡಿದು ಹಾಗೇ ಆರಲು ಬಿಡುವವನ ಹತ್ತಿರ ಹೋಗಬೇಡ, ಉಕ್ಕಿನ ಟೆಂಪರ್ ಹೋಗಿ ಬೇಗನೇ ಮತ್ತೆ ಕುಳಿತುಬಿಡುತ್ತದೆ. ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಕೊಡುವ ಕಮಾನು ಕೆಲಸದವನು ಸಿಕ್ಕರೆ ಮಾಡಿಸು, ಇಲ್ಲವಾದರೆ ಹೊಸ ಸೆಟ್ಟೇ ಲೇಸು. ಯಾವುದೇ ಮಾಡಿಸಿದರೂ ಎರಡೂ ಕಡೆಗೆ ಒಟ್ಟಿಗೆ. ಒಂದೇ ಕಡೆ ಮಾಡಿಸಿದರೆ ಈಗ ಬಲಕ್ಕೆ ವಾಲಿದ್ದು ನಾಳೆ ಎಡಕ್ಕೆ ವಾಲುತ್ತದೆ.

ಬಿಚ್ಚಿದ ಮೇಲೆ ಸೆಂಟರ್ ಬೋಲ್ಟ್, ಯು ಬೋಲ್ಟ್, ರಬ್ಬರ್ ಬುಷ್ ಹಳೆಯದನ್ನೇ ತೂರಿಸಲು ಬಿಡಬೇಡ. ಮುಖ್ಯವಾದದ್ದು ಇನ್ನೊಂದು: ಕಣ್ಣಿನ ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ. ಚಕ್ರ ಜೋತಾಡುವಾಗಲೇ ಬಿಗಿದರೆ ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು, ಸ್ವಲ್ಪ ದಿನಕ್ಕೇ ಹರಿಯುತ್ತದೆ. ಹೊಸ ಪ್ಲೇಟ್ ಸ್ವಲ್ಪ ಕುಳಿತುಕೊಳ್ಳಲು ಬಿಟ್ಟು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿಸು.

ಇಷ್ಟಾದ ಮೇಲೆ ಅಲೈನ್‌ಮೆಂಟ್. ಅದಕ್ಕೂ ಮುಂಚೆ ಮುಂದಿನ ಚಕ್ರ ಎತ್ತಿ, ಗಡಿಯಾರದ ಹನ್ನೆರಡು ಆರರ ಜಾಗ ಹಿಡಿದು ಅಲ್ಲಾಡಿಸು, ಆಮೇಲೆ ಒಂಬತ್ತು ಮೂರರ ಜಾಗ. ಟಕ್ ಅಂದರೆ ಬೇರಿಂಗೋ ಜಾಯಿಂಟೋ ಸಡಿಲ, ಸಡಿಲವಿದ್ದದ್ದನ್ನು ಅಳೆದು ಹೊಂದಿಸಿ ಪ್ರಯೋಜನವಿಲ್ಲ. ಅಲೈನ್‌ಮೆಂಟಿನ ಹುಡುಗ ಈ ಕಾರಿನಲ್ಲಿ ತಿರುಗಿಸುವುದು ಮುಂದಿನ ಟೈ ರಾಡನ್ನು, ಅಂದರೆ ಟೋ ಮಾತ್ರ. ಹಿಂದೆ ಅವನಿಗೆ ತಿರುಗಿಸಲು ಏನೂ ಇಲ್ಲ. ಹಿಂದಿನ ಆಕ್ಸಲ್ ಓರೆ ಇದ್ದಾಗ ಅವನ ಯಂತ್ರದಲ್ಲಿ ಹಸಿರು ಬಣ್ಣ ಬಂದರೂ ಟೈರು ತಿನ್ನುವುದು ನಿಲ್ಲುವುದಿಲ್ಲ.

ಹೊಸ ಟೈರು ಆಗ ಹಾಕಿಸು, ಗಾಳಿಯನ್ನು ಬೆಳಿಗ್ಗೆ ಚಕ್ರ ತಣ್ಣಗಿರುವಾಗಲೇ ನೋಡು. ಹಿಂದೆ ತಗ್ಗಿದ್ದಾಗ ಲೈಟು ಆಕಾಶ ನೋಡುತ್ತಿತ್ತು, ಎದುರಿನವರು ಬೈಯುತ್ತಾರೆ ಅಂತ ಯಾರೋ ಹೆಡ್‌ಲೈಟನ್ನು ಕೆಳಕ್ಕೆ ಬಗ್ಗಿಸಿರುತ್ತಾರೆ. ಹಿಂಭಾಗ ಏರಿದ ಮೇಲೆ ಆ ಬೆಳಕು ಬಂಪರಿನ ಮುಂದೆ ನೆಲಕ್ಕೇ ಬೀಳುತ್ತದೆ, ರಾತ್ರಿ ಘಾಟಿಗೆ ಹೊರಡುವ ಮೊದಲು ಗೋಡೆಗೆ ಬಿಟ್ಟು ಸರಿಮಾಡಿಸಿಕೋ.